ಕಡಲ ಕಿನಾರೆ ಮತ್ತೆ ತೆರೆದುದು

(ನಮ್ಮ ಕೂಟದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಕುವೈತಿನ ಇತಿಹಾಸವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ತಾವು ಕೇಳಿಕೊಂಡಾಗ, ಯಾವ ವಿಷಯವನ್ನು ಆರಿಸಿಕೊಳ್ಳುವುದೆಂದು ನಾವು ಕೆಲವು ದಿನ ಯೋಚಿಸಿದೆವು. ಇಲ್ಲಿಯ ಅರಸು ಮನೆತನದ ಚರಿತ್ರೆಯಿದೆ, ತೈಲದ ಚರಿತ್ರೆಯಿದೆ. ಎರಡನ್ನೂ ಬಲ್ಲವರು ಬಹಳ ಬರೆದಿದ್ದಾರೆ. ಕಡೆಗೆ ನಾವು ಆರಿಸಿಕೊಂಡದ್ದು ಒಂದು ಮರಳಿನ ಪಟ್ಟಿಯನ್ನು. ಶುಕ್ರವಾರದ ಸಂಜೆ ಬುತ್ತಿ ಕಟ್ಟಿಕೊಂಡು, ಚಾಪೆ ಸುತ್ತಿಕೊಂಡು, ಮಕ್ಕಳ ಕೈ ಹಿಡಿದು ತಾವೆಲ್ಲ ಹೋಗಿ ಕುಳಿತುಕೊಳ್ಳುವ ಆ ಕಡಲ ಕಿನಾರೆಯೇ ನಮ್ಮ ಇಂದಿನ ವಿಷಯ.

ಇದನ್ನು ಕೇಳಿ ಕೆಲವರು ನಗಬಹುದು. ಆದರೆ ವಿಚಾರ ಮಾಡಿ ನೋಡೋಣ. ಊರಿನಲ್ಲಿ ನಮ್ಮ ಮನೆಗೊಂದು ಅಂಗಳವಿತ್ತು, ಅಂಗಳದಾಚೆ ಗದ್ದೆಯೋ ತೋಟವೋ ಇತ್ತು, ಅದೂ ಇಲ್ಲದಿದ್ದರೆ ದೇವಸ್ಥಾನದ ಜಗಲಿಯಾದರೂ ಇತ್ತು. ಇಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಮನೆಯ ಕೆಳಗೆ ಕಾರುಗಳ ಸಾಲು. ಸಾಲ್ಮಿಯಾದಲ್ಲಾಗಲಿ ಅಬ್ಬಾಸಿಯಾದಲ್ಲಾಗಲಿ ವಾಸಿಸುವ ಒಂದು ಕನ್ನಡ ಕುಟುಂಬಕ್ಕೆ, ದುಡ್ಡು ಕೊಡದೆ, ಯಾರ ಅಪ್ಪಣೆಯನ್ನೂ ಕೇಳದೆ ಕಾಲು ಚಾಚಿ ಕುಳಿತುಕೊಳ್ಳಬಹುದಾದ ಅಂಗಳವೆಂದರೆ ಈ ಕಡಲ ದಂಡೆಯೇ. ಈ ಅಂಗಳಕ್ಕೆ ಒಮ್ಮೆ ಯಾರೂ ಕಾಲಿಡುವಂತಿರಲಿಲ್ಲ. ಮತ್ತೆ ಕಾಲಿಡುವಂತಾಗಲು ಎಷ್ಟೋ ಜನ ಪ್ರಾಣ ತೆತ್ತರು. ನಮ್ಮ ಮಕ್ಕಳಲ್ಲಿ ಬಹುಮಂದಿಗೆ ಇದು ತಿಳಿಯದು. ಆದುದರಿಂದ ಇಂದು ಈ ಮಾತು.

ಮೊದಲು ದೂರದ ಒಂದು ಊರನ್ನು ನೋಡಿಕೊಂಡು ಬರೋಣ. ಪೆಸಿಫಿಕ್ ಸಾಗರದ ಹವಾಯಿ ದ್ವೀಪದ ಮೂಡಣ ಅಂಚಿನಲ್ಲಿ ಪೂನಾ ಎಂಬ ಸೀಮೆಯಿದೆ. ನಮ್ಮ ಪುಣೆಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಪೊಹೊಯಿಕಿ ಎಂಬ ಸಣ್ಣ ಕೊಲ್ಲಿಯ ದಂಡೆಯಲ್ಲಿ ಒಂದು ಕಡಲತೀರದ ಉದ್ಯಾನವಿದೆ. ಕೊರಿಯಾ ಯುದ್ಧದಲ್ಲಿ ಮಡಿದ ಐಸಾಕ್ ಹಾಲೆ ಎಂಬ ಸೈನಿಕನ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಬೆಸ್ತರು ದೋಣಿ ಇಳಿಸುವ ಜಾಗ, ಮಕ್ಕಳು ಅಲೆಯಾಡುವ ಜಾಗ. 2018ರ ಮೇ 3ರಂದು ಕಿಲವೇಯ ಜ್ವಾಲಾಮುಖಿಯ ಪೂರ್ವ ಮಗ್ಗುಲಿನಲ್ಲಿ, ಜನರ ಮನೆಗಳ ನಡುವೆಯೇ, ನೆಲ ಬಿರಿದು ಲಾವಾರಸ ಉಕ್ಕತೊಡಗಿತು. ಮೂರು ತಿಂಗಳು ಅದು ಹರಿಯಿತು. ಏಳುನೂರಕ್ಕೂ ಹೆಚ್ಚು ಮನೆಗಳು ಅದರಡಿ ಹೂತುಹೋದವು. ನೆರೆಯ ಕಪೋಹೊ ಕೊಲ್ಲಿ ಪೂರ್ತಿ ತುಂಬಿ, ನೀರಿದ್ದ ಕಡೆ ನೆಲವಾಯಿತು. ಪೊಹೊಯಿಕಿಯ ದೋಣಿಕಟ್ಟೆಗೆ ಇನ್ನು ನೂರು ಗಜವೂ ಇಲ್ಲವೆನ್ನುವಾಗ ಲಾವಾ ನಿಂತಿತು. ಊರವರು ಬದುಕಿದೆವೆಂದುಕೊಂಡರು. ಆದರೆ ಸಮುದ್ರಕ್ಕೆ ಬಿದ್ದ ಲಾವಾ ತಣ್ಣೀರು ತಾಕಿದೊಡನೆ ಪುಡಿಪುಡಿಯಾಗಿ ಕರಿಯ ಮರಳಾಗಿತ್ತು. ಅಲೆಗಳು ಆ ಮರಳನ್ನು ಹೊತ್ತು ತಂದು ದೋಣಿಕಟ್ಟೆಯ ಬಾಯಿಗೆ ಸುರಿದವು. 2018ರ ಡಿಸೆಂಬರಿನಲ್ಲಿ ಲಾವಾದ ಮೇಲೆಯೇ ದಾರಿ ಕಡಿದು ಉದ್ಯಾನವನ್ನು ಮತ್ತೆ ತೆರೆದಾಗ, ಜನ ನೋಡಿದ್ದು ತಾವು ಬಿಟ್ಟುಹೋದ ದಂಡೆಯನ್ನಲ್ಲ. ಅಲ್ಲೊಂದು ಹೊಸ ಕರಿಮರಳಿನ ಕಿನಾರೆ ಹುಟ್ಟಿತ್ತು, ಅದರ ಹಿಂದೆ ಬೆಚ್ಚಗಿನ ನೀರಿನ ಕೊಳಗಳಿದ್ದವು, ದೋಣಿಕಟ್ಟೆ ಕಡಲಿನ ಸಂಪರ್ಕ ಕಳೆದುಕೊಂಡು ಒಂದು ಹೊಂಡದ ಮೆಟ್ಟಿಲಾಗಿತ್ತು. ನೋಡಲು ಬಂದವರಿಗೆ ಸೊಬಗು, ಬೆಸ್ತರಿಗೆ ಕಸುಬಿನ ನಷ್ಟ.

ಲಾವಾ ಮಾಡಿದ ತೀರ ನಮಗೂ ಹೊಸತಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. ಉಡುಪಿಯ ಕಡೆಯವರು ಮಲ್ಪೆಯೆದುರಿನ ತೋನ್ಸೆಪಾರಿಗೆ, ಅಂದರೆ ಸಂತ ಮೇರಿ ದ್ವೀಪಗಳಿಗೆ, ಹೋಗಿಬಂದಿರುತ್ತೀರಿ. ಅಲ್ಲಿ ಅಡಕೆಯ ಮರದ ಕಾಂಡಗಳನ್ನು ಒಟ್ಟಿ ನಿಲ್ಲಿಸಿದಂತೆ ನಿಂತ ಬಹುಮೂಲೆಯ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಲಾವಾ; ಮಡಗಾಸ್ಕರವು ನಮ್ಮ ನೆಲದಿಂದ ಕಳಚಿಕೊಂಡ ಕಾಲದ್ದು. ಮಳೆಗಾಲದಲ್ಲಿ ಅಲ್ಲಿಗೆ ದೋಣಿ ನಿಲ್ಲುತ್ತದೆ, ಕಡಲು ತಗ್ಗಿದ ಮೇಲೆ ಮತ್ತೆ ಬಿಡುತ್ತಾರೆ. ಆ ಮುಚ್ಚುವುದು ತೆರೆಯುವುದು ಪಂಚಾಂಗದಂತೆ ಬರುವ ಸಂಗತಿ. ಕುವೈತಿನದು ಹಾಗಲ್ಲ.

ಕುವೈತಿನಲ್ಲಿ ಜ್ವಾಲಾಮುಖಿ ಇಲ್ಲ. ಆದರೂ 1991ರಲ್ಲಿ ಈ ನೆಲದ ಬಾಯಿಯಿಂದ ಬೆಂಕಿ ಉಕ್ಕಿತು, ಹಗಲು ಕತ್ತಲಾಯಿತು, ಆಕಾಶದಿಂದ ಕರಿಯ ಹನಿ ಬಿತ್ತು, ಕಡಲಿಗೆ ಕರಿಯ ದ್ರವ ಹರಿಯಿತು. ಆ ಉತ್ಪಾತ ಮನುಷ್ಯರು ಮಾಡಿದ್ದೆಂಬುದೊಂದೇ ವ್ಯತ್ಯಾಸ.

ಅದಕ್ಕೂ ಹಿಂದಿನ ಮಾತು ಸ್ವಲ್ಪ. ಈ ಊರು ಹುಟ್ಟಿದ್ದೇ ಕಡಲ ದಂಡೆಯ ಮೇಲೆ. ಬೇಸಗೆಯಲ್ಲಿ ಮುತ್ತು ತೆಗೆಯಲು ಮುಳುಗುವುದು, ಉಳಿದ ಕಾಲದಲ್ಲಿ ಬೂಮ್ ಎಂಬ ದೊಡ್ಡ ಹಾಯಿಹಡಗುಗಳಲ್ಲಿ ವ್ಯಾಪಾರಕ್ಕೆ ಹೊರಡುವುದು, ಇದೇ ಇಲ್ಲಿಯವರ ಬದುಕು. ಬಸ್ರಾದ ಖರ್ಜೂರ ತುಂಬಿಕೊಂಡು ಹೊರಟ ಹಡಗುಗಳು ಕರಾಚಿ, ಮುಂಬಯಿ, ಮಂಗಳೂರು, ಕಲ್ಲಿಕೋಟೆಗಳನ್ನು ಮುಟ್ಟಿ, ಸಾಗುವಾನಿಯ ಮರವನ್ನೂ ತೆಂಗಿನ ನಾರಿನ ಹಗ್ಗವನ್ನೂ ತರುತ್ತಿದ್ದವು. ಹಡಗು ಕಟ್ಟುವ ಮರ ಒಂದೂ ಬೆಳೆಯದ ಈ ದೇಶದ ಹಡಗುಗಳೆಲ್ಲ ನಮ್ಮ ಪಡುವಣ ಕರಾವಳಿಯ ಕಾಡುಗಳ ಕೂಸುಗಳೆಂದರೆ ಅತಿಶಯೋಕ್ತಿಯಾಗಲಾರದು. 1961ರವರೆಗೆ ಇಲ್ಲಿ ಚಲಾವಣೆಯಲ್ಲಿದ್ದುದು ರೂಪಾಯಿಯೇ. ನಾವು ಇಲ್ಲಿಗೆ ಬಂದ ಮೊದಲಿಗರಲ್ಲ. ನಮ್ಮೂರಿನ ಮರ ನಮಗಿಂತ ಮೊದಲೇ ಬಂದಿತ್ತು.

1938ರಲ್ಲಿ ಬುರ್ಗಾನಿನಲ್ಲಿ ತೈಲ ಸಿಕ್ಕಿತು, 1946ರಲ್ಲಿ ಮೊದಲ ಹಡಗು ತೈಲ ತುಂಬಿಕೊಂಡು ಹೊರಟಿತು. ಅಷ್ಟರೊಳಗೆ ಜಪಾನಿನ ಕೃತಕ ಮುತ್ತು ಇಲ್ಲಿಯ ಮುತ್ತಿನ ವ್ಯಾಪಾರವನ್ನು ಮುರಿದಿತ್ತು. ಊರು ಕಡಲಿಗೆ ಬೆನ್ನು ತಿರುಗಿಸಿ ಮರುಭೂಮಿಯ ಕಡೆಗೆ ಬೆಳೆಯಿತು. ದುಡಿಮೆಯ ಸ್ಥಳವಾಗಿದ್ದ ದಂಡೆ ವಿಹಾರದ ಸ್ಥಳವಾಗಿ ಮರುಹುಟ್ಟು ಪಡೆದದ್ದು ಎಪ್ಪತ್ತು ಎಂಬತ್ತರ ದಶಕಗಳಲ್ಲಿ. 1979ರಲ್ಲಿ ಕುವೈತ್ ಗೋಪುರಗಳು ಸಾರ್ವಜನಿಕರಿಗೆ ತೆರೆದವು. ಅವುಗಳಲ್ಲಿ ಎತ್ತರದ್ದು 187 ಮೀಟರು. ಕೊಲ್ಲಿ ರಸ್ತೆಯ ಉದ್ದಕ್ಕೂ ಹುಲ್ಲು, ಮರ, ಕಾಲುದಾರಿಗಳು ಬಂದವು. 1988ರಲ್ಲಿ ಕಡಲಿಗೆ ಮಣ್ಣು ತುಂಬಿ ಮಾಡಿದ ಹಸಿರು ದ್ವೀಪವೂ ತೆರೆಯಿತು. ಹೀಗೆ ಕಿನಾರೆಯ ವಿಹಾರವೆಂಬುದು ಇಲ್ಲಿ ಇನ್ನೂ ಹೊಸದಾಗಿದ್ದಾಗಲೇ ಆ ಉತ್ಪಾತ ಸಂಭವಿಸಿತು.

1990ರ ಆಗಸ್ಟ್ 2, ಗುರುವಾರ. ಮರುದಿನ ಶುಕ್ರವಾರ, ಕಿನಾರೆಗೆ ಹೋಗುವ ದಿನ. ಗುರುವಾರ ಬೆಳಗಾಗುವುದರೊಳಗೆ ಇರಾಕಿನ ಟ್ಯಾಂಕುಗಳು ನಗರದೊಳಗಿದ್ದವು. ಮುಂದಿನದನ್ನು ಈ ಸಭೆಯ ಹಿರಿಯರಿಗೆ ನಾವು ಹೇಳಬೇಕಾಗಿಲ್ಲ. ಕೂಡಿಟ್ಟ ದಿನಾರು ಕಾಗದವಾಯಿತು. ಬಸ್ರಾ, ಬಾಗ್ದಾದುಗಳ ಹಾದಿಯಾಗಿ ಜೋರ್ಡಾನಿನ ಅಮ್ಮಾನಿಗೆ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿಗೆ. ಆಗಸ್ಟಿನಿಂದ ಅಕ್ಟೋಬರಿನವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರು ಹೀಗೆ ಹಿಂದಿರುಗಿದರು. ನಾಗರಿಕರನ್ನು ವಿಮಾನದಲ್ಲಿ ಸಾಗಿಸಿದ ಇಷ್ಟು ದೊಡ್ಡ ಕಾರ್ಯಾಚರಣೆ ಇನ್ನೊಂದಿಲ್ಲವೆಂದು ಇಂದಿಗೂ ಅದನ್ನು ಸ್ಮರಿಸುತ್ತಾರೆ. ದಕ್ಷಿಣ ಕನ್ನಡದ ಎಷ್ಟು ಮನೆಗಳಲ್ಲಿ ಆ ದಿನಗಳಲ್ಲಿ ರೇಡಿಯೋದ ಮುಂದೆ ಕುಳಿತು ರಾತ್ರಿ ಕಳೆದರೆಂಬುದನ್ನು ಯಾವ ದಾಖಲೆಯೂ ಲೆಕ್ಕವಿಟ್ಟಿಲ್ಲ.

ನಾವು ಬಿಟ್ಟುಬಂದ ಕಿನಾರೆಗೆ ಏನಾಯಿತು? ಅಮೆರಿಕದ ನೌಕಾಪಡೆ ಕಡಲ ಕಡೆಯಿಂದ ಬಂದಿಳಿಯುವುದೆಂದು ಇರಾಕಿನ ಸೇನಾಪತಿಗಳು ದೃಢವಾಗಿ ನಂಬಿದ್ದರು. ಅವರು ಹಾಗೆ ನಂಬಲೆಂದೇ ಎದುರಾಳಿಗಳು ಹಡಗುಗಳನ್ನು ಕೊಲ್ಲಿಯಲ್ಲಿ ತೇಲಿಸಿಟ್ಟು, ಇಳಿಯುವ ತಾಲೀಮಿನ ಪ್ರದರ್ಶನವನ್ನೂ ಮಾಡಿದ್ದರು. ಆದುದರಿಂದ ನಗರದಿಂದ ತೆಂಕಣ ಗಡಿಯವರೆಗೆ ಕಿನಾರೆಯೆಲ್ಲ ಕೋಟೆಯಾಯಿತು. ಮರಳಿನಲ್ಲಿ ಕಂದಕಗಳು, ಮುಳ್ಳುತಂತಿಯ ಸುರುಳಿಗಳು, ನೀರಿನಂಚಿನಲ್ಲಿ ಕಬ್ಬಿಣದ ತಡೆಗಳು. ಕಡಲಿಗೆ ಮುಖ ಮಾಡಿದ ಮನೆಗಳ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಬಂದೂಕು ತೂರುವಷ್ಟು ಕಂಡಿ ಬಿಟ್ಟರು. ಮರಳಿನಡಿ ನೆಲಬಾಂಬುಗಳನ್ನೂ, ನೀರಿನಲ್ಲಿ ಸಾವಿರಕ್ಕೂ ಹೆಚ್ಚು ಜಲಬಾಂಬುಗಳನ್ನೂ ಹೂಡಿದರು. 1991ರ ಫೆಬ್ರವರಿ 18ರಂದು ಟ್ರಿಪೊಲಿ, ಪ್ರಿನ್ಸ್‌ಟನ್ ಎಂಬ ಎರಡು ಅಮೆರಿಕನ್ ಯುದ್ಧನೌಕೆಗಳು ಒಂದೇ ದಿನ ಈ ಜಲಬಾಂಬುಗಳಿಗೆ ಸಿಕ್ಕಿ ಹಾನಿಗೊಂಡವು. ಆದರೆ ಸೇನೆ ಬಂದದ್ದು ಮರುಭೂಮಿಯ ಕಡೆಯಿಂದ. ಈ ಕಿನಾರೆಗೆ ಯಾರೂ ಇಳಿಯಲೇ ಇಲ್ಲ. ಯಾರಿಗಾಗಿ ಹೂತಿದ್ದರೋ ಅವರು ತುಳಿಯದ ನೆಲಬಾಂಬುಗಳು, ಮುಂದೆ ಬರಲಿದ್ದ ಮಕ್ಕಳಿಗಾಗಿ ಕಾಯುತ್ತ ಉಳಿದವು.

ತೈಲದ ಮಾತಿಗೆ ಬರೋಣ. 1991ರ ಜನವರಿಯ ಉತ್ತರಾರ್ಧದಲ್ಲಿ, ಮೀನಾ ಅಲ್ ಅಹ್ಮದಿಯಿಂದಾಚೆ ಕಡಲೊಳಗಿದ್ದ ತೈಲ ತುಂಬುವ ಕಟ್ಟೆಯ ಕವಾಟಗಳನ್ನು ತೆರೆದುಬಿಟ್ಟರು; ನಿಂತಿದ್ದ ಟ್ಯಾಂಕರು ಹಡಗುಗಳಿಂದಲೂ ತೈಲ ಸೋರಿತು. ಹರಿದದ್ದು ನಲವತ್ತು ಲಕ್ಷ ಬ್ಯಾರೆಲೆಂದು ಕೆಲವರು, ಅದರ ಇಮ್ಮಡಿಗೂ ಮೀರಿದ್ದೆಂದು ಇನ್ನು ಕೆಲವರು ಲೆಕ್ಕ ಹಾಕಿದ್ದಾರೆ. ಕಡಿಮೆಯ ಲೆಕ್ಕವನ್ನೇ ಹಿಡಿದರೂ ಅದು ಜಗತ್ತು ಕಂಡ ಅತಿ ದೊಡ್ಡ ಕಡಲ ಮಾಲಿನ್ಯಗಳಲ್ಲೊಂದು. ತೈಲ ತರುವ ಕೊಳವೆಗಳ ಸಂಧಿಸ್ಥಾನಕ್ಕೆ ಜನವರಿ 26ರಂದು ವಿಮಾನದಿಂದ ಬಾಂಬು ಹಾಕಿದ ಮೇಲೆ ಹರಿವು ತಗ್ಗಿತು. ಇಲ್ಲೊಂದು ವಿಚಿತ್ರವಿದೆ. ಕೊಲ್ಲಿಯ ನೀರಿನ ಸುಳಿವು ಪಡುವಣ ದಂಡೆಯುದ್ದಕ್ಕೂ ತೆಂಕಕ್ಕೆ ಹರಿಯುವುದರಿಂದ ತೈಲದ ಬಹುಪಾಲು ಕುವೈತಿನ ತೀರವನ್ನು ಬಿಟ್ಟು ಸೌದಿ ಅರೇಬಿಯಾದ ತೀರಕ್ಕೆ ಹೋಗಿ ಬಡಿಯಿತು. ಖಾಫ್ಜಿಯಿಂದ ಅಬು ಅಲಿ ದ್ವೀಪದವರೆಗಿನ ಜವುಗು ನೆಲಗಳಲ್ಲಿ ಆ ಡಾಂಬರು ದಶಕಗಳ ಅನಂತರವೂ ಉಳಿದುಕೊಂಡಿತು. ಮಾಡಿದವರೊಬ್ಬರು, ಉಂಡವರು ಇನ್ನೊಬ್ಬರು.

ತೆಂಕಣ ಕಡಲಿನಲ್ಲಿ ಕಾರೂಹ್ ಎಂಬ ಪುಟ್ಟ ಹವಳದ ದ್ವೀಪವಿದೆ. ಜನವರಿ 24ರಂದು ಅದು ಬಿಡುಗಡೆಯಾಯಿತು. ಸ್ವತಂತ್ರವಾದ ಕುವೈತಿನ ಮೊದಲ ನೆಲವೆಂದರೆ ಆ ಅಂಗೈಯಗಲದ ಮರಳೇ. ಅದರ ಹೆಸರು ಬಂದಿರುವುದು ಡಾಂಬರು ಎಂಬರ್ಥದ ಅರಬ್ಬಿ ಮಾತಿನಿಂದ. ಕಡಲ ತಳದಿಂದ ತಾನಾಗಿ ಒಸರುವ ತೈಲ ಅಲ್ಲಿಯ ದಂಡೆಗೆ ಹಿಂದಿನಿಂದಲೂ ಬಂದು ಹತ್ತುತ್ತಿತ್ತು.

ಫೆಬ್ರವರಿಯ ಕೊನೆಯಲ್ಲಿ ಹಿಮ್ಮೆಟ್ಟುವ ಸೈನ್ಯವು ಆರುನೂರಕ್ಕೂ ಮಿಕ್ಕ ತೈಲಬಾವಿಗಳಿಗೆ ಬೆಂಕಿಯಿಟ್ಟಿತು. ಫೆಬ್ರವರಿ 26ರಂದು ನಗರ ಬಿಡುಗಡೆಯಾದಾಗ ಸಂತೋಷದ ಮೇಲೆಯೇ ಹೊಗೆ ಕವಿದಿತ್ತು. ಮಟಮಟ ಮಧ್ಯಾಹ್ನ ಕಾರಿನ ದೀಪ ಹಚ್ಚಬೇಕು. ಹೊಗೆಯಡಿಯ ಊರುಗಳಲ್ಲಿ ಸೆಕೆಯೂ ತಗ್ಗಿ ಚಳಿಯಾಗುತ್ತಿತ್ತು. ಆಗ ಅಮೆರಿಕದ ಖಗೋಳ ವಿಜ್ಞಾನಿ ಕಾರ್ಲ್ ಸಗಾನರೂ ಇನ್ನು ಕೆಲವರೂ ಒಂದು ಎಚ್ಚರಿಕೆ ಕೊಟ್ಟಿದ್ದರು: ಈ ಹೊಗೆ ಬಹು ಮೇಲಕ್ಕೇರಿದರೆ ದಕ್ಷಿಣ ಏಷ್ಯದ ಮಳೆಗಾಲವೇ ಕೆಡಬಹುದು. ಅಂದರೆ ಇಲ್ಲಿ ಹತ್ತಿದ ಬೆಂಕಿಯಿಂದ ಆಗುಂಬೆಯ ಮಳೆ ನಿಲ್ಲಬಹುದು, ಮಂಡ್ಯದ ಗದ್ದೆ ಒಣಗಬಹುದು ಎಂಬಂತಹ ಭಯ. ಹಾಗಾಗಲಿಲ್ಲ. ಹೊಗೆ ಆರೇಳು ಕಿಲೋಮೀಟರು ಎತ್ತರವನ್ನು ಮೀರಿ ಏರಲಿಲ್ಲ. ಗಾಳಿ ಮಳೆಗಳು ಅದನ್ನು ಕೆಲವೇ ದಿನಗಳಲ್ಲಿ ತೊಳೆದು ಇಳಿಸುತ್ತಿದ್ದವು. ಸಗಾನರು ಮುಂದೆ ತಮ್ಮ ಪುಸ್ತಕದಲ್ಲಿ ತಾವು ಹೇಳಿದ್ದು ತಪ್ಪಾಯಿತೆಂದು ಒಪ್ಪಿಕೊಂಡರು. ಇದು ದೊಡ್ಡವರ ಲಕ್ಷಣ. ಅದೇ ವರ್ಷ ಜೂನ್ 15ರಂದು ಫಿಲಿಪ್ಪೀನ್ಸಿನ ಪಿನತುಬೊ ಜ್ವಾಲಾಮುಖಿ ಸಿಡಿಯಿತು. ಅದರ ಗಂಧಕದ ಹೊಗೆ ಮಳೆಮೋಡಗಳನ್ನು ಮೀರಿ ಮೇಲೇರಿ, ಇಡೀ ಭೂಮಂಡಲವನ್ನೇ ಸುಮಾರು ಅರ್ಧ ಡಿಗ್ರಿಯಷ್ಟು ತಣ್ಣಗೆ ಮಾಡಿತು. ತಿಂಗಳುಗಟ್ಟಲೆ ಉರಿದ ಆರುನೂರು ಬಾವಿಗಳಿಂದಾಗದ್ದು ಒಂದೇ ಬೆಟ್ಟದಿಂದಾಯಿತು. ಲೋಕಕ್ಕೆಲ್ಲ ತಟ್ಟುವ ಉತ್ಪಾತ ಪ್ರಕೃತಿಯದು; ಕುವೈತಿನ ಬೆಂಕಿಯ ಪಾಪ ಬಹುಮಟ್ಟಿಗೆ ಈ ಸೀಮೆಯವರ ಮೈಗೇ ಅಂಟಿತು.

ಬೆಂಕಿ ಆರಿಸಿದ ಕಥೆಯನ್ನು ಚಿತ್ರಗಳಲ್ಲಿ ನೋಡಿರುತ್ತೀರಿ. ಅಮೆರಿಕ, ಕೆನಡಾಗಳ ಹೆಸರಾಂತ ತಂಡಗಳು ಬಂದವು. ಹಂಗೇರಿಯವರು ಹಳೆಯ ಟ್ಯಾಂಕಿನ ಮೇಲೆ ಮಿಗ್ ವಿಮಾನದ ಎರಡು ಎಂಜಿನುಗಳನ್ನು ಕೂರಿಸಿಕೊಂಡು ಬಂದು ಜ್ವಾಲೆಯನ್ನು ಊದಿ ಆರಿಸಿದರು. ನಮಗೆ ಇವೆಲ್ಲಕ್ಕಿಂತ ಮನಸ್ಸಿಗೆ ನಾಟುವುದು ನೀರಿನ ಸಂಗತಿ. ಮರುಭೂಮಿಯಲ್ಲಿ ಇಷ್ಟು ಬೆಂಕಿಗೆ ನೀರೆಲ್ಲಿ? ಬಾವಿಗಳಿಂದ ಕಡಲಿಗೆ ತೈಲ ಒಯ್ಯುತ್ತಿದ್ದ ಕೊಳವೆಗಳಲ್ಲಿಯೇ ಕಡಲ ನೀರನ್ನು ಹಿಂದಕ್ಕೆ ತಂದು, ತೋಡಿದ ಹೊಂಡಗಳಲ್ಲಿ ತುಂಬಿಸಿಕೊಂಡರು. ನಲವತ್ತೈದು ವರ್ಷ ಒಂದೇ ದಿಕ್ಕಿಗೆ ಹರಿದದ್ದು ಈಗ ತಿರುಗಿ ಹರಿಯಿತು. ಹಲವು ವರ್ಷ ಬೇಕಾದೀತೆಂದು ಎಣಿಸಿದ್ದ ಕೆಲಸ ಎಂಟು ತಿಂಗಳಲ್ಲಿ ಮುಗಿಯಿತು. 1991ರ ನವೆಂಬರ್ 6ರಂದು ಬುರ್ಗಾನಿನಲ್ಲಿ ಕೊನೆಯ ಬಾವಿಯ ಬೆಂಕಿಯನ್ನು ಅಮೀರರಾದ ಶೇಖ್ ಜಾಬೆರ್ ಅಲ್ ಅಹ್ಮದ್ ಅಲ್ ಸಬಾಹರು ಸಮಾರಂಭದಲ್ಲಿ ಆರಿಸಿದರು. ಆಕಾಶ ತಿಳಿಯಾಯಿತು. ಮರುಭೂಮಿಯಲ್ಲಿ ಉಳಿದ ತೈಲದ ಕೆರೆಗಳ ಮಾತೇ ಬೇರೆ. ಅವುಗಳನ್ನು ನೀರೆಂದು ಭ್ರಮಿಸಿ ಇಳಿದ ಹಕ್ಕಿಗಳು ಮತ್ತೆ ಏಳಲಿಲ್ಲ.

ಬೆಂಕಿ ಕಣ್ಣಿಗೆ ಕಾಣುತ್ತದೆ. ಆರಿಸಿದರೆ ಆರಿತೆಂದೂ ಕಾಣುತ್ತದೆ. ಮರಳಿನಡಿಯ ನೆಲಬಾಂಬು ಹಾಗಲ್ಲ. ಪೊಹೊಯಿಕಿಯ ಜನ ತಮ್ಮ ದಂಡೆಯನ್ನು ಒಮ್ಮೆ ನೋಡಿದರೆ ಸಾಕು, ಏನು ಬದಲಾಗಿದೆಯೆಂದು ತಿಳಿಯುತ್ತಿತ್ತು. ಇಲ್ಲಿ, 1991ರ ಬೇಸಗೆಯ ಕುವೈತಿನ ದಂಡೆಯ ಭಯಾನಕತೆಯೆಂದರೆ, ಮುಳ್ಳುತಂತಿಯನ್ನು ತೆಗೆದುಬಿಟ್ಟರೆ ಅದು ಮೊದಲಿನಂತೆಯೇ ಕಾಣುತ್ತಿದ್ದುದು. ಅದೇ ಮರಳು, ಅದೇ ನೀಲಿ ನೀರು. ನಮ್ಮ ದೃಷ್ಟಿಯಲ್ಲಿ ಈ ಕಥೆಯ ತಿರುಳಿರುವುದು ಇಲ್ಲಿಯೇ, ಮತ್ತು ಚರಿತ್ರೆಕಾರರು ಕಡಿಮೆ ಬರೆದಿರುವುದೂ ಇದನ್ನೇ. ಬೆಂಕಿಯ ಚಿತ್ರ ತೆಗೆಯಲು ಜಗತ್ತಿನ ಕ್ಯಾಮೆರಾಗಳೆಲ್ಲ ಬಂದಿದ್ದವು. ಮಂಡಿಯೂರಿ ಮರಳು ಕೆದಕುವವನ ಚಿತ್ರಕ್ಕೆ ಅಷ್ಟು ಬೆಲೆಯಿರಲಿಲ್ಲ.

ದೇಶವನ್ನು ಭಾಗ ಮಾಡಿ ಏಳು ರಾಷ್ಟ್ರಗಳವರಿಗೆ ಹಂಚಿಕೊಟ್ಟರು: ಅಮೆರಿಕ, ಬ್ರಿಟನ್, ಫ್ರಾನ್ಸ್, ಈಜಿಪ್ಟ್, ತುರ್ಕಿ, ಪಾಕಿಸ್ತಾನ, ಬಾಂಗ್ಲಾದೇಶ. ಕೆಲಸದ ರೀತಿಯನ್ನು ಸ್ವಲ್ಪ ವಿವರಿಸುತ್ತೇವೆ, ಏಕೆಂದರೆ ಕಿನಾರೆಯಲ್ಲಿ ಅದು ಬೇರೆಲ್ಲಿಗಿಂತಲೂ ಕಷ್ಟ. ಲೋಹ ಪತ್ತೆ ಮಾಡುವ ಯಂತ್ರವಿರುತ್ತದೆ ನಿಜ. ಆದರೆ ಮುಳ್ಳುತಂತಿಯ ತುಂಡು, ಗುಂಡಿನ ಚಿಪ್ಪು, ಹಳೆಯ ಮೊಳೆ, ಎಲ್ಲಕ್ಕೂ ಅದು ಕೂಗುತ್ತದೆ. ಇನ್ನೊಂದು ಕಡೆ, ಇಟಲಿಯಲ್ಲಿ ತಯಾರಾದ ಎಷ್ಟೋ ನೆಲಬಾಂಬುಗಳ ಕವಚ ಪ್ಲಾಸ್ಟಿಕ್ಕಿನದು. ಅವುಗಳಲ್ಲಿ ಲೋಹ ಬಹು ಅಲ್ಪ, ಯಂತ್ರ ಸುಮ್ಮನಿರುತ್ತದೆ. ಆದುದರಿಂದ ಸರಳಿನಿಂದ ಓರೆಯಾಗಿ, ಬೆರಳಗಲ ಬೆರಳಗಲ ಚುಚ್ಚಿ ನೋಡುತ್ತ ಮುಂದುವರಿಯಬೇಕು. ಹೂತವರು ನಕ್ಷೆ ಬರೆದಿಟ್ಟಿದ್ದರೂ ಮರಳು ನಕ್ಷೆಯ ಮಾತು ಕೇಳುವುದಿಲ್ಲ. ಗಾಳಿ ಬೀಸಿದರೆ ಗೇಣುದ್ದದ ಆಳದಲ್ಲಿದ್ದುದು ಮೊಳದ ಆಳಕ್ಕೆ ಹೋಗುತ್ತದೆ. ಉಬ್ಬರವಿಳಿತದ ಅಂಚಿನಲ್ಲಿರುವುದನ್ನು ನೀರು ಎಳೆದೊಯ್ದು ಬೇರೆಡೆ ಇಡುತ್ತದೆ. ನಿನ್ನೆ ಶುದ್ಧವಾಯಿತೆಂದು ಬರೆದುಕೊಂಡ ಜಾಗಕ್ಕೆ ಇಂದು ಮತ್ತೊಂದು ಬಂದು ಸೇರಿರಬಹುದು. ಬಿಸಿಲಿನ ಮಾತು ತಮಗೆ ಗೊತ್ತೇ ಇದೆ. ನಲವತ್ತೈದು ಡಿಗ್ರಿಯಲ್ಲಿ, ಭಾರದ ರಕ್ಷಾಕವಚ ತೊಟ್ಟು, ಅವಸರ ಪಡದೆ ಮಾಡಬೇಕಾದ ಕೆಲಸ.

ದೇಶದಾದ್ಯಂತ ಹೀಗೆ ಹದಿನಾರು ಲಕ್ಷಕ್ಕೂ ಹೆಚ್ಚು ನೆಲಬಾಂಬುಗಳನ್ನು ಹೊರತೆಗೆದರು. ತೆಗೆಯುವಾಗ ಸತ್ತವರು ಹತ್ತಾರು ಮಂದಿ, ಕೈಕಾಲು ಕಳೆದುಕೊಂಡವರು ಇನ್ನೂ ಹೆಚ್ಚು. ಬಾಂಗ್ಲಾದೇಶದ ಸೈನ್ಯ ಈ ಕೆಲಸಕ್ಕೆ 'ಕುವೈತ್ ಪುನರ್ಗಠನ' ಎಂದೇ ಹೆಸರಿಟ್ಟುಕೊಂಡು ಬಂದಿತ್ತು. ಪುನರ್ಗಠನವೆಂಬ ಆ ಮಾತು ಬಂಗಾಳಿಯಲ್ಲೂ ಕನ್ನಡದಲ್ಲೂ ಒಂದೇ. ಕುವೈತಿನ ಕಿನಾರೆಯನ್ನು ಕುವೈತಿನವರಿಗೂ ನಮಗೂ ತೆರೆದುಕೊಟ್ಟವರಲ್ಲಿ ನಮ್ಮ ಉಪಖಂಡದ ಬಡ ಮನೆಗಳ ಹುಡುಗರಿದ್ದರು. ಅವರು ಬಂದದ್ದೂ ನಾವು ಬಂದದ್ದೂ ಒಂದೇ ಕಾರಣಕ್ಕೆ, ಊರಿಗೆ ನಾಲ್ಕು ಕಾಸು ಕಳಿಸಲೆಂದು. ಈ ಮರಳಿನಲ್ಲಿ ಅವರ ಹೆಸರಿನ ಕಲ್ಲೊಂದೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಇಷ್ಟೆಲ್ಲ ಆದ ಮೇಲೆ ಕಿನಾರೆ ತೆರೆದ ದಿನ ಯಾವುದು? ಇದಕ್ಕೆ ಒಂದು ತಾರೀಖನ್ನು ಹೇಳಲಾಗುವುದಿಲ್ಲ. ಲೂಟಿಯಾಗಿ ಜಖಂಗೊಂಡಿದ್ದ ಕುವೈತ್ ಗೋಪುರಗಳು ದುರಸ್ತಿಯಾಗಿ 1992ರ ಡಿಸೆಂಬರಿನಲ್ಲಿ ತೆರೆದವು, ಅದಕ್ಕೆ ತಾರೀಖಿದೆ. ಮರಳಿಗೆ ಇಲ್ಲ. ಅದು ತುಂಡುತುಂಡಾಗಿ ತೆರೆಯಿತು. ಈ ವಾರ ಒಂದು ಹಗ್ಗ ತೆಗೆದರು, ಮುಂದಿನ ತಿಂಗಳು ಇನ್ನೊಂದು ಫಲಕ ತೆಗೆದರು. ಅಧಿಕಾರಿಗಳು ತೆರೆದ ದಿನವೇ ಜನ ಬಂದರೆನ್ನುವಂತಿಲ್ಲ. ತಾವು ತಂದೆಯೋ ತಾಯಿಯೋ ಆಗಿ ಆಲೋಚಿಸಿ. ಸರಕಾರ ಶುದ್ಧವೆಂದಿದೆ. ಮಗು ಬಕೆಟ್ಟು, ಸಲಿಕೆ ಹಿಡಿದು ನಿಂತಿದೆ. ಮರಳು ತೋಡು ಹೋಗೆಂದು ಹೇಳಲು ಬಾಯಿ ಬರುತ್ತದೆಯೇ? ಕಾಲುದಾರಿಯ ಕಲ್ಲುಹಾಸಿನ ಮೇಲೆಯೇ ಚಾಪೆ ಹಾಸಿ, ಕೆಳಗಿಳಿಯಬೇಡ, ಹೊಳೆಯುವುದೇನು ಕಂಡರೂ ಮುಟ್ಟಬೇಡ ಎಂದು ಹೇಳಿ ಹೇಳಿ ಸಂಜೆ ಕಳೆಯುವವರೇ ಆ ಕಾಲದಲ್ಲಿ ಹೆಚ್ಚು. ಹಾಗೆ ಹೇಳಿಸಿಕೊಂಡು ಬೆಳೆದ ಮಕ್ಕಳು ಇಂದು ತಂದೆತಾಯಿಯರಾಗಿದ್ದಾರೆ. ಮರಳು ಶುದ್ಧವಾದ ಎಷ್ಟೋ ಕಾಲದ ಮೇಲೆ ಮನಸ್ಸು ಶುದ್ಧವಾಯಿತು. ಕಿನಾರೆ ನಿಜವಾಗಿ ತೆರೆದುದು ಆಗಲೇ ಎಂದು ನಮ್ಮ ಎಣಿಕೆ.

ಆ ಭಯ ಆಧಾರವಿಲ್ಲದ್ದಾಗಿರಲಿಲ್ಲ. ಯುದ್ಧ ಮುಗಿದು ವರ್ಷಗಳಾದ ಮೇಲೂ ಮರುಭೂಮಿಯಲ್ಲಿ ಡೇರೆ ಹಾಕಲು ಹೋದವರಿಗೆ, ಅಡಿಪಾಯ ತೋಡುವ ಕೂಲಿಗಳಿಗೆ ಹಳೆಯ ಸ್ಫೋಟಕಗಳು ಸಿಗುತ್ತಲೇ ಇದ್ದವು. 2018ರ ನವೆಂಬರಿನಲ್ಲಿ ಕುವೈತಿನಲ್ಲಿ ಕಂಡುಕೇಳರಿಯದ ಮಳೆ ಸುರಿದು ರಸ್ತೆಗಳು ಕೊಚ್ಚಿಹೋದಾಗ, ಮರಳಿನಡಿಯಿಂದ ಹಳೆಯ ನೆಲಬಾಂಬುಗಳು ಮೇಲೆ ಬಂದಿರಬಹುದೆಂಬ ಎಚ್ಚರಿಕೆ ಮತ್ತೆ ಕೇಳಿಬಂತು. ಯುದ್ಧ ಮುಗಿದು ಆಗ ಇಪ್ಪತ್ತೇಳು ವರ್ಷ. ಅದರ ಮರುತಿಂಗಳೇ ಹವಾಯಿಯಲ್ಲಿ, ಬೆಂಕಿ ನಿಂತು ನಾಲ್ಕು ತಿಂಗಳಾಗಿರುವಾಗ, ಪೊಹೊಯಿಕಿ ತೆರೆಯಿತು. ಲಾವಾ ತಣಿದರೆ ತಣಿಯಿತು, ಅದಕ್ಕೆ ಹಗೆಯಿಲ್ಲ.

ಒಂದು ಉಪಕಥೆಯನ್ನೂ ಸೇರಿಸಬೇಕು, ಇಲ್ಲದಿದ್ದರೆ ಎಲ್ಲ ಪಾಪವನ್ನೂ ಶತ್ರುವಿನ ತಲೆಗೆ ಕಟ್ಟಿದಂತಾದೀತು. 2009ರ ಆಗಸ್ಟಿನಲ್ಲಿ ಮಿಶ್ರಿಫಿನ ಚರಂಡಿ ನೀರೆತ್ತುವ ಸ್ಥಾವರ ಕೆಟ್ಟು ನಿಂತು, ನಗರದ ಹೊಲಸು ನೀರು ಶುದ್ಧೀಕರಣವಿಲ್ಲದೆ ಕಡಲಿಗೆ ಹರಿಯಿತು. ಮತ್ತೆ ಈಜಬಾರದು, ಮೀನು ಹಿಡಿಯಬಾರದು ಎಂಬ ಮಾತು. ಯಾವ ಸೈನ್ಯವೂ ಬಂದಿರಲಿಲ್ಲ, ಪಂಪುಗಳು ನಿಂತದ್ದಷ್ಟೆ. ನಮ್ಮ ತುಂಗಭದ್ರೆಯ, ನೇತ್ರಾವತಿಯ ದಂಡೆಗಳನ್ನು ನೆನೆದುಕೊಂಡರೆ ಈ ವಿಷಯದಲ್ಲಿ ಯಾರಿಗೂ ಬುದ್ಧಿ ಹೇಳುವ ಯೋಗ್ಯತೆ ನಮಗಿಲ್ಲ.

ಕೊನೆಯದಾಗಿ ಫೈಲಕಾ ದ್ವೀಪದ ಮಾತು. ನಗರದಿಂದ ಇಪ್ಪತ್ತು ಕಿಲೋಮೀಟರು ದೂರದಲ್ಲಿ, ಕೊಲ್ಲಿಯ ಬಾಯಿಯಲ್ಲಿ ಅದು ಮಲಗಿದೆ. ನಾಲ್ಕು ಸಾವಿರ ವರ್ಷಗಳ ಹಿಂದೆ ಅಲ್ಲಿ ದಿಲ್ಮುನ್ ನಾಗರಿಕತೆಯ ಜನರಿದ್ದರು. ನಮ್ಮ ಸಿಂಧೂ ಕಣಿವೆಯೊಡನೆ ವ್ಯಾಪಾರ ಮಾಡುತ್ತಿದ್ದವರು ಅವರು. ಅಲೆಕ್ಸಾಂಡರನ ತರುವಾಯ ಗ್ರೀಕರು ಬಂದು ಅದನ್ನು ಇಕಾರೋಸ್ ಎಂದು ಕರೆದು ಗುಡಿ, ಕೋಟೆಗಳನ್ನು ಕಟ್ಟಿದರು. 1958ರಿಂದ ಡೆನ್ಮಾರ್ಕಿನ ಪ್ರಾಕ್ತನಜ್ಞರು ಅಗೆದು ಇವನ್ನೆಲ್ಲ ಬೆಳಕಿಗೆ ತಂದರು. 1990ರಲ್ಲಿ ಅಲ್ಲಿ ಶಾಲೆ, ಅಂಗಡಿ, ಮಸೀದಿಗಳಿದ್ದ ಒಂದು ಇಡೀ ಊರಿತ್ತು. ಆಕ್ರಮಣದ ಕಾಲದಲ್ಲಿ ಜನರನ್ನು ಹೊರಗಟ್ಟಿ, ದ್ವೀಪವನ್ನು ಸೈನ್ಯದ ಠಾಣೆ ಮಾಡಿ, ದಂಡೆಗಳಲ್ಲಿ ಬಾಂಬು ಹೂತರು. ವಿಮಾನಗಳು ಅದರ ಮೇಲೆ ಬಾಂಬು ಸುರಿಸಿದವು. ಮಾರ್ಚಿಯ ಮೊದಲಲ್ಲಿ ಅಲ್ಲಿಯ ಇರಾಕಿ ಪಡೆ ಶರಣಾಯಿತು.

ದಂಡೆಗಳನ್ನು ಅಲ್ಲಿಯೂ ಶುದ್ಧ ಮಾಡಿದರು. ಆದರೆ ಊರು ಹಿಂದಿರುಗಲಿಲ್ಲ. ದ್ವೀಪದವರಿಗೆ ಸರಕಾರ ಪರಿಹಾರ ಕೊಟ್ಟು ನಗರದಲ್ಲಿ ನೆಲೆ ಮಾಡಿಕೊಟ್ಟಿತು. ಗುಂಡಿನ ತೂತುಗಳ ಗೋಡೆಗಳು, ಬಾಗಿಲಿಲ್ಲದ ಮನೆಗಳು ಹಾಗೆಯೇ ನಿಂತವು. ಮುಂದೆ ಅಲ್ಲಿ ವಿಹಾರಧಾಮಗಳಾದವು, ಒಂಟೆ ಸವಾರಿ ಬಂತು, ಸಾಲ್ಮಿಯಾದಿಂದ ದೋಣಿ ಬಿಟ್ಟರು. ಕಿನಾರೆ ತೆರೆಯಿತು, ಊರು ತೆರೆಯಲಿಲ್ಲ.

ಫೈಲಕಾದಲ್ಲಿ ಹುಟ್ಟಿದವರು ಇಂದು ತಮ್ಮ ಮೊಮ್ಮಕ್ಕಳನ್ನು ಕರೆದುಕೊಂಡು ಅಲ್ಲಿ ಹೋಗಬೇಕಾದರೆ ಬೆಳಗಿನ ದೋಣಿಗೆ ಹೋಗಿಬರುವ ಟಿಕೆಟ್ಟು ಕೊಳ್ಳಬೇಕು. ತಾವು ಆಡಿದ ದಂಡೆಯನ್ನು, ತಮ್ಮ ಮನೆಯಿದ್ದ ಬೀದಿಯನ್ನು ತೋರಿಸಿ, ಸಂಜೆಯ ದೋಣಿ ತಪ್ಪದಂತೆ ಹಿಂದಿರುಗಬೇಕು. ನಾವು ವರ್ಷಕ್ಕೊಮ್ಮೆ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ವಿಮಾನದಿಂದಿಳಿಯುವಾಗ ಜೇಬಿನಲ್ಲಿ ಅಂಥದೇ ಒಂದು ಟಿಕೆಟ್ಟಿರುತ್ತದೆ.

ಮುಂದಿನ ಚಳಿಗಾಲದ ವಿಹಾರಕ್ಕೆ ಸ್ಥಳವನ್ನು ಕೂಟದವರು ಇನ್ನೂ ಗೊತ್ತುಮಾಡಿಲ್ಲವೆಂದು ತಿಳಿಯಿತು. ಫೈಲಕಾಕ್ಕೆ ಹೋಗಬಹುದೆಂದು ನಮ್ಮ ಸೂಚನೆ. ಗ್ರೀಕರ ಕೋಟೆಯಿಂದ ಆ ಖಾಲಿ ಊರಿನ ಬೀದಿಗಳವರೆಗೆ ಮಕ್ಕಳನ್ನು ನಡೆಸಿಕೊಂಡು ಹೋಗೋಣ. ಈಗ ಅವರ ಪ್ರಶ್ನೆಗಳೇನಿದ್ದರೂ ಕೇಳಲಿ.